ಪೆಲಾಜಿಕ್ ಅಂದ್ರೆ ಆಳ ಸಮುದ್ರ ಅಲ್ಲ: ಬೂತಾಯಿ, ಬಂಗುಡೆ ಮತ್ತು ಒಂದು ಪದದ ಕಥೆ

ಇವತ್ತಿನ ಎಪಿಸೋಡ್ ಒಂದೇ ಒಂದು ಪದದ ಬಗ್ಗೆ: ಪೆಲಾಜಿಕ್. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಯಾವ ವರದಿ ತೆರೆದ್ರೂ ಈ ಪದ ಪದೇ ಪದೇ ಸಿಗುತ್ತೆ. ನಾನು ಬಿಕಾಂ ಓದಿದವಳು, ಬಯಾಲಜಿ ಎಸೆಸೆಲ್ಸಿಗೇ ಮುಗೀತು. ಆದ್ರೆ ಮೀನಿನ ರೇಟು, ಬೋಟು, ಜಗಳ ಎಲ್ಲದರ ಹಿಂದೆ ಈ ಪದ ಕೂತಿದೆ ಅಂತ ಗೊತ್ತಾದ ಮೇಲೆ ಬಿಡೋಕಾಗ್ಲಿಲ್ಲ.

ಗ್ರೀಕ್ ಭಾಷೆಯಲ್ಲಿ ಪೆಲಾಗೋಸ್ ಅಂದ್ರೆ ತೆರೆದ ಕಡಲು. ಇದನ್ನ ಕೇಳಿದ ತಕ್ಷಣ ನಮ್ಮ ತಲೆಗೆ ಬರೋದು ಆಳ ಸಮುದ್ರ, ದಡದಿಂದ ಎಷ್ಟೋ ದೂರ. ಅಲ್ಲ. ಇಲ್ಲಿ ದಡದಿಂದ ಎಷ್ಟು ದೂರ ಅನ್ನೋದು ಲೆಕ್ಕಕ್ಕಿಲ್ಲ. ನೀರಿನ ರಾಶಿಯ ಯಾವ ಮಟ್ಟದಲ್ಲಿ ಮೀನು ಬದುಕುತ್ತೆ ಅನ್ನೋದೇ ಪ್ರಶ್ನೆ. ತಳವನ್ನ ನಂಬಿಕೊಳ್ಳದೆ ನಡುನೀರಲ್ಲೋ ಮೇಲ್ನೀರಲ್ಲೋ ಓಡಾಡಿಕೊಂಡಿರೋದು ಪೆಲಾಜಿಕ್. ತಳದ ಹತ್ತಿರ ಬದುಕೋದು ಡಿಮರ್ಸಲ್. ನಮ್ಮ ಬೂತಾಯಿ, ಕಾರವಾರದ ಕಡೆ ತಾರ್ಲೆ ಅಂತಾರಲ್ಲ, ಅದು ದಡಕ್ಕೆ ತೀರಾ ಹತ್ತಿರ ಬರುತ್ತೆ. ಆದ್ರೂ ಅದು ಪಕ್ಕಾ ಪೆಲಾಜಿಕ್. ಬಂಗುಡೆ, ಅಂಜಲ್ ಕೂಡ ಅದೇ ಗುಂಪು. ನಂಗ್ ಮೀನು, ಮರಳಲ್ಲಿ ಹುದುಗಿಕೊಳ್ಳೋ ಕಾಣೆ, ಕೆಂಪಗಿನ ಮದಿಮಲ್, ಇವೆಲ್ಲ ತಳದವು.

ಮಾರ್ಕೆಟ್‌ನಲ್ಲಿ ಇದನ್ನ ಕಣ್ಣಲ್ಲೇ ನೋಡಬಹುದು. ಬಂಗುಡೆಯ ಬೆನ್ನು ನೀಲಿ ಹಸಿರು, ಹೊಟ್ಟೆ ಬೆಳ್ಳಿ. ಮೇಲಿಂದ ನೋಡೋ ಹಕ್ಕಿಗೆ ಅದು ಕಡಲಿನ ಬಣ್ಣದಲ್ಲಿ ಬೆರೆತು ಹೋಗುತ್ತೆ, ಕೆಳಗಿಂದ ನೋಡೋ ದೊಡ್ಡ ಮೀನಿಗೆ ಮೇಲಿನ ಬೆಳಕಲ್ಲಿ ಕರಗುತ್ತೆ. ಬಚ್ಚಿಟ್ಟುಕೊಳ್ಳೋಕೆ ಕಲ್ಲಿಲ್ಲ, ಮರಳಿಲ್ಲ, ಹಾಗಾಗಿ ಮೈಬಣ್ಣವೇ ಗತಿ. ಬಾಯಿ ಅಗಲಕ್ಕೆ ತೆರೆದು ಈಜ್ತಾ, ನೀರಲ್ಲಿರೋ ಪ್ಲಾಂಕ್ಟನ್ ಅನ್ನ ಕಿವಿರಿನಲ್ಲಿ ಸೋಸಿ ತಿನ್ನುತ್ತೆ. ಇಡೀ ದಿನ ಈಜೋ ಸ್ನಾಯುವಿಗೆ ಆಮ್ಲಜನಕ ಜಾಸ್ತಿ ಬೇಕು, ಅದಕ್ಕೇ ಅದರ ಮಾಂಸದಲ್ಲಿ ಆ ಕಪ್ಪು ಕೆಂಪು ಪಟ್ಟೆ. ಕಾಣೆಯದು ಬೆಳ್ಳಗಿರುತ್ತೆ. ಬಂಗುಡೆ ಪುಳಿಮುಂಚಿಗೆ ಇರೋ ಆ ಗಡಸು ರುಚಿ ಕಾಣೆ ಫ್ರೈಗೆ ಯಾಕಿಲ್ಲ ಅಂತ ಕೇಳೋರಿಗೆ ಅರ್ಧ ಉತ್ತರ ಇಲ್ಲೇ ಇದೆ.

ಈಗ ದುಡ್ಡಿನ ವಿಷಯಕ್ಕೆ ಬರ್ತೀನಿ. ಪೆಲಾಜಿಕ್ ಮೀನು ಗುಂಪು ಗುಂಪಾಗಿ ಓಡಾಡುತ್ತೆ. ಹಾಗಾಗಿ ಹಿಡಿಯೋ ಬಲೆಯೇ ಬೇರೆ. ತಳದ ಮೀನಿಗೆ ಟ್ರಾಲ್ ಬಲೆ ಎಳೀತಾರೆ. ಮೇಲಿನ ಗುಂಪಿಗೆ ಸುತ್ತಲೂ ಬಲೆ ಬಿಟ್ಟು, ಕೆಳಗಿನ ಬಳೆಗಳ ಮೂಲಕ ಹಾದ ಹಗ್ಗ ಎಳೆದು, ಸಂಚಿಯ ಬಾಯಿ ಬಿಗಿದ ಹಾಗೆ ಮುಚ್ಚಿಬಿಡ್ತಾರೆ. ಅದೇ ಪರ್ಸೀನ್. ಹೆಸರಲ್ಲೇ ಪರ್ಸ್ ಇದೆ, ಕಾಮರ್ಸ್‌ನವರಿಗೆ ಮರೆಯೋದು ಕಷ್ಟ.

ಅದಕ್ಕೂ ಮೊದಲು ನಮ್ಮ ಕರಾವಳಿಯಲ್ಲಿ ಇದ್ದಿದ್ದು ರಂಪಣಿ. ದಡಕ್ಕೆ ಬಂದ ಬಂಗುಡೆ, ಬೂತಾಯಿಯನ್ನ ದೊಡ್ಡ ಬಲೆಯಲ್ಲಿ ಸುತ್ತುವರಿದು, ಊರಿನವರೆಲ್ಲ ಮರಳಲ್ಲಿ ನಿಂತು ಎಳೆದು, ಪಾಲು ಹಂಚಿಕೊಳ್ಳೋ ಪದ್ಧತಿ. ಮೀನು ಹೆಚ್ಚಾದ ವರ್ಷ ತೆಂಗಿನ ಬುಡಕ್ಕೆ ಗೊಬ್ಬರ ಹಾಕ್ತಿದ್ರು. ರಂಪಣಿ ನಿಂತಿದ್ದು ಒಂದೇ ನಂಬಿಕೆ ಮೇಲೆ: ಮೀನು ದಡಕ್ಕೆ ತಾನೇ ಬರುತ್ತೆ. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದು, ಗುಂಪು ದಡ ಮುಟ್ಟೋ ಮೊದಲೇ ಹಿಡಿಯೋಕೆ ಶುರು ಮಾಡಿದ್ವು. ರಂಪಣಿಯವರು ಪ್ರತಿಭಟನೆ ಮಾಡಿದ್ರು, ಆದ್ರೆ ಉಳಿಯಲಿಲ್ಲ. ತಂತ್ರಜ್ಞಾನ ಬಂತು, ಹಳೇದು ಹೋಯ್ತು ಅಂತ ಒಂದೇ ಸಾಲಲ್ಲಿ ಹೇಳೋದು ನನಗೆ ಸರಿ ಕಾಣಲ್ಲ. ಪಾಲು ಇದ್ದವರಲ್ಲಿ ಎಷ್ಟೋ ಜನ ಬೇರೆಯವರ ಬೋಟಲ್ಲಿ ಕೆಲಸದವರಾದ್ರು. ಇದೂ ಅದರ ಲೆಕ್ಕವೇ.

ಜಗಳ ಇನ್ನೂ ಮುಗಿದಿಲ್ಲ. ರಾತ್ರಿ ಜೋರು ಎಲ್‌ಇಡಿ ಬೆಳಕು ಬಿಟ್ರೆ ಮೇಲ್ನೀರಿನ ಮೀನು ಅದರ ಸುತ್ತ ಬಂದು ಸೇರುತ್ತೆ. ಕೇಂದ್ರ ಸರ್ಕಾರ 2017ರಲ್ಲಿ ಬೆಳಕಿನ ಮೀನುಗಾರಿಕೆ ನಿಷೇಧಿಸಿತು. ಆಮೇಲೂ ನಾಡದೋಣಿಯವರ ದೂರು ನಿಂತಿಲ್ಲ.

ಇನ್ನೊಂದು ವಿಷಯ ಗಮನಿಸಿ. ಬೂತಾಯಿಯಂಥ ಸಣ್ಣ ಪೆಲಾಜಿಕ್ ಮೀನಿನ ಗ್ರಾಫ್ ಎಫ್‌ಡಿ ಥರ ಅಲ್ಲ, ಸ್ಮಾಲ್‌ಕ್ಯಾಪ್ ಷೇರಿನ ಥರ. ಮಳೆಗಾಲದಲ್ಲಿ ತಳದ ತಣ್ಣನೆ ನೀರು ಪೋಷಕಾಂಶ ಹೊತ್ತು ಮೇಲೆ ಬರುತ್ತೆ, ಪ್ಲಾಂಕ್ಟನ್ ಹುಟ್ಟುತ್ತೆ, ಬೂತಾಯಿ ಅದನ್ನೇ ತಿಂದು ಬೆಳೆಯುತ್ತೆ. ಆ ಸರಪಳಿ ಏರುಪೇರಾದ್ರೆ ಮೀನೂ ಇಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ 4 ಸಾವಿರ ಟನ್‌ಗೂ ಕಡಿಮೆ. ಬರೀ ಬೋಟಿನವರನ್ನ ಬೈದ್ರೆ ಈ ಲೆಕ್ಕ ತಾಳೆ ಆಗಲ್ಲ, ಬರೀ ಹವಾಮಾನ ಅಂದ್ರೂ ಆಗಲ್ಲ. ಮೊದಲೇ ಕುಸಿದಿರೋ ವರ್ಷ ಮರಿಗಳನ್ನೂ ಬಾಚಿದ್ರೆ ಚೇತರಿಕೆ ನಿಧಾನ ಆಗುತ್ತೆ. ಅದಕ್ಕೇ ಕೇರಳ ಕನಿಷ್ಠ ಅಳತೆ ನಿಗದಿ ಮಾಡಿದೆ: ಬೂತಾಯಿ 10 ಸೆಂಟಿಮೀಟರ್, ಬಂಗುಡೆ 14. ನಿಮ್ಮ ಅಂಗೈ ಮೇಲೆ ಇಟ್ಟು ನೋಡಿದ್ರೆ ಅಂದಾಜು ಸಿಗುತ್ತೆ.

ಡಿಮರ್ಸಲ್ ಮೀನುಗಳಿಗೆ ಇವತ್ತು ಅನ್ಯಾಯ ಆಯ್ತು, ಗೊತ್ತು. ನಂಗ್ ಮೀನಿನ ಎರಡೂ ಕಣ್ಣು ಒಂದೇ ಕಡೆ ಯಾಕೆ ಅನ್ನೋದರಿಂದ ಮುಂದಿನ ಎಪಿಸೋಡ್ ಶುರು ಮಾಡ್ತೀನಿ.