ಕಡಲಿನಿಂದ ಬಂದ ವಿಮಾನಕ್ಕೆ ನಿಂಬೆಹುಳಿಯ ಮದ್ದು

ಅಜ್ಜಿ ಉಪ್ಪಿನಕಾಯಿಯನ್ನು ಪಿಂಗಾಣಿ ಭರಣಿಯಲ್ಲೇ ಏಕೆ ಹಾಕಿಡುತ್ತಾರೆ, ಗೊತ್ತೇ? ಅಲ್ಯೂಮಿನಿಯಂ ಪಾತ್ರೆಯಲ್ಲಿಟ್ಟರೆ ಕೆಲವು ದಿನಗಳಲ್ಲೇ ಅದರ ಒಳಮೈಯಲ್ಲಿ ಚುಕ್ಕೆ ಚುಕ್ಕೆಯಾಗಿ ಗುಳಿ ಬೀಳುತ್ತದೆ. ಉಪ್ಪೂ ಹುಳಿಯೂ ಸೇರಿ ಆ ಲೋಹವನ್ನು ತಿನ್ನುತ್ತವೆ. ಹಾಗಾದರೆ, ಮೈಯೆಲ್ಲ ಅಲ್ಯೂಮಿನಿಯಂ ಇರುವ ಒಂದು ವಿಮಾನ ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸಮುದ್ರದ ಉಪ್ಪುನೀರಿನಲ್ಲಿ ಮುಳುಗಿದ್ದರೆ ಅದರ ಗತಿ ಏನಾಗಿರಬೇಕು?

ಅಂಥ ವಿಮಾನ ನಿಜವಾಗಿಯೂ ಇದೆ. ಅದು ಜರ್ಮನಿಯ ಡಾರ್ನಿಯರ್ 17 ಎಂಬ ಬಾಂಬರ್. ಮೈ ಸಪೂರವಾಗಿದ್ದುದರಿಂದ ಅದಕ್ಕೆ ‘ಹಾರುವ ಪೆನ್ಸಿಲ್’ ಎಂಬ ಅಡ್ಡಹೆಸರಿತ್ತು. ಸಾವಿರಕ್ಕೂ ಹೆಚ್ಚು ತಯಾರಾಗಿದ್ದವು. ಕೆಲವು ಎರಡನೇ ಮಹಾಯುದ್ಧದಲ್ಲಿ ಹೋದವು, ಉಳಿದವನ್ನು ಗುಜರಿಗೆ ಹಾಕಿ ಕರಗಿಸಿದರು. ಒಂದೂ ಉಳಿದಿಲ್ಲ ಎಂದೇ ಎಲ್ಲರೂ ಅಂದುಕೊಂಡಿದ್ದರು. ಆದರೆ 1940ರಲ್ಲಿ ಬ್ರಿಟನ್ ಮೇಲೆ ದಾಳಿಗೆ ಬಂದ ಒಂದು ಡಾರ್ನಿಯರ್, ಇಂಗ್ಲೆಂಡಿನ ಕೆಂಟ್ ಕರಾವಳಿಯಾಚೆಯ ಗುಡ್‌ವಿನ್ ಮರಳುದಿಬ್ಬಗಳ ಬಳಿ ಸಮುದ್ರಕ್ಕೆ ಬಿದ್ದಿತ್ತು. ಅಲ್ಲಿ ಅದು ಅಂಗಾತ ಮಲಗಿತ್ತು. ಮರಳು ಅದನ್ನು ಹೊದಿಕೆಯಂತೆ ಮುಚ್ಚಿತ್ತು. ಮರಳಿನಡಿ ಆಮ್ಲಜನಕ ಕಡಿಮೆ, ಹಾಗಾಗಿ ಲೋಹ ಸವೆಯುವುದೂ ನಿಧಾನ. ಆ ದಿಬ್ಬಗಳೋ ಒಂದೆಡೆ ನಿಲ್ಲುವಂಥವಲ್ಲ. ಮರಳು ಸರಿದಾಗ ವಿಮಾನ ಹೊರಗೆ ಕಾಣಿಸಿತು. ಇನ್ನು ಬಿಟ್ಟರೆ ಅಲೆಗಳು ಅದನ್ನು ಚೂರು ಮಾಡುತ್ತವೆ ಎಂದು ಅಲ್ಲಿನ ರಾಯಲ್ ಏರ್ ಫೋರ್ಸ್ ಸಂಗ್ರಹಾಲಯದವರು 2013ರ ಜೂನ್ 10ರಂದು ಅದನ್ನು ಮೇಲೆತ್ತಿದರು.

ಮೇಲೆತ್ತಿದ ಮೇಲೆ ಕೆಲಸ ಮುಗಿಯಿತೇ? ಇಲ್ಲ, ನಿಜವಾದ ಅಪಾಯ ಶುರುವಾಗಿದ್ದೇ ಆಗ. ಅದೇಕೆಂದು ತಿಳಿಯಲು ಅಲ್ಯೂಮಿನಿಯಂನ ಗುಣ ಸ್ವಲ್ಪ ಗೊತ್ತಿರಬೇಕು.

ಕಬ್ಬಿಣದ ತುಕ್ಕು ಪುಡಿಪುಡಿಯಾಗಿ ಉದುರುತ್ತದೆ. ಅದರಡಿಯ ಹೊಸ ಕಬ್ಬಿಣ ಗಾಳಿಗೆ ಸಿಕ್ಕಿ ಮತ್ತೆ ತುಕ್ಕಾಗುತ್ತದೆ. ಅಲ್ಯೂಮಿನಿಯಂ ಹಾಗಲ್ಲ. ಗಾಳಿ ತಗುಲಿದ ಕ್ಷಣವೇ ಅದರ ಮೇಲೆ ಆಕ್ಸೈಡಿನ ಒಂದು ಪದರ ಮೂಡುತ್ತದೆ. ಕಣ್ಣಿಗೆ ಕಾಣದಷ್ಟು ತೆಳು, ಆದರೆ ಬಲು ಗಟ್ಟಿ. ಆಮ್ಲಜನಕವನ್ನು ಒಳಗೆ ಬಿಡದೆ ಅದು ಲೋಹವನ್ನು ಕಾಯುತ್ತದೆ. ಎಷ್ಟು ಸೊಗಸಾದ ಏರ್ಪಾಡು ನೋಡಿ! ತೊಂದರೆ ಎಂದರೆ, ಶುದ್ಧ ಅಲ್ಯೂಮಿನಿಯಂ ಬಹಳ ಮೆದು, ವಿಮಾನಕ್ಕೆ ಸಾಲದು. ಅದಕ್ಕೇ ಸ್ವಲ್ಪ ತಾಮ್ರ ಬೆರೆಸಿ ಡ್ಯುರಾಲ್ಯುಮಿನ್ ಎಂಬ ಮಿಶ್ರಲೋಹ ಮಾಡಿದರು. ಬಲವೇನೋ ಬಂತು. ಆದರೆ ಉಪ್ಪುನೀರು ತಗುಲಿದರೆ ಅದರಲ್ಲಿನ ಕ್ಲೋರೈಡ್ ಆಕ್ಸೈಡ್ ಪದರವನ್ನು ಅಲ್ಲಲ್ಲಿ ತೂತು ಮಾಡುತ್ತದೆ. ಆ ತೂತುಗಳಲ್ಲಿ ತಾಮ್ರದ ಕಣ, ಅಲ್ಯೂಮಿನಿಯಂ, ಉಪ್ಪುನೀರು ಮೂರೂ ಸೇರಿದರೆ ಪುಟ್ಟದೊಂದು ಬ್ಯಾಟರಿಯೇ ಆಯಿತು! ಅದು ಕೆಲಸ ಮಾಡಿದಷ್ಟೂ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಹೊರಗೆ ಬಿಳಿಯ ಪುಡಿ ಮಾತ್ರ ಉಳಿಯುತ್ತದೆ.

ಕಡಲಿನಿಂದ ಬಂದ ಡಾರ್ನಿಯರ್‌ನ ಪ್ರತಿ ಸಂದಿಯಲ್ಲೂ ಕ್ಲೋರೈಡ್ ತುಂಬಿತ್ತು. ಇಷ್ಟು ದಿನ ಸಿಗದ ಆಮ್ಲಜನಕ ಈಗ ಧಾರಾಳವಾಗಿ ಸಿಕ್ಕಿತು. ಹಾಗೇ ಒಣಗಲು ಬಿಟ್ಟಿದ್ದರೆ ಅದು ಕಣ್ಣೆದುರೇ ಪುಡಿಯಾಗುತ್ತಿತ್ತು. ಅದನ್ನು ಕಾಸ್‌ಫರ್ಡ್ ಎಂಬಲ್ಲಿಗೆ ತಂದು, ಸುರಂಗದಂಥ ಪ್ಲಾಸ್ಟಿಕ್ ಮನೆಗಳಲ್ಲಿಟ್ಟು, ಸಿಟ್ರಿಕ್ ಆಮ್ಲದ ದ್ರಾವಣವನ್ನು ಅದರ ಮೇಲೆ ಸಿಂಪಡಿಸತೊಡಗಿದರು. ಸಿಟ್ರಿಕ್ ಆಮ್ಲವೆಂದರೆ ನಿಂಬೆಹಣ್ಣಿನಲ್ಲಿರುವ ಹುಳಿಯೇ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವಿಜ್ಞಾನಿಗಳು ಈ ವಿಧಾನಕ್ಕೆ ನೆರವಾದರು.

ಇಲ್ಲಿ ಜಾಣ ಮಕ್ಕಳು ತಕರಾರು ತೆಗೆಯಬೇಕು. ಹುಳಿಯೂ ಅಲ್ಯೂಮಿನಿಯಂ ತಿನ್ನುತ್ತದೆ ಎಂದು ಮೊದಲೇ ಹೇಳಿದಿರಲ್ಲ? ಸರಿಯಾದ ಪ್ರಶ್ನೆ. ಅದಕ್ಕೇ ದ್ರಾವಣಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಸೇರಿಸಿ ಹುಳಿಯನ್ನು ತಗ್ಗಿಸಿದ್ದರು. ಸಮುದ್ರಜೀವಿಗಳ ಚಿಪ್ಪು, ಗಟ್ಟಿಯಾದ ಕೊಳೆ ಸಡಿಲವಾಗುವಷ್ಟು ಹುಳಿ ಬೇಕು, ಲೋಹ ಕರಗುವಷ್ಟು ಬೇಡ. ಇಂಥ ಹದ ಹಿಡಿಯುವುದೇ ಒಳ್ಳೆಯ ರಸಾಯನ ವಿಜ್ಞಾನ ಎಂದು ನನಗನಿಸುತ್ತದೆ. ದ್ರಾವಣ ಹರಿದಂತೆಲ್ಲ ಕ್ಲೋರೈಡ್ ತೊಳೆದುಹೋಗುತ್ತದೆ. ಅವಸರ ಮಾಡುವ ಹಾಗಿಲ್ಲ, ವರ್ಷಗಟ್ಟಲೆ ಹಿಡಿಯುವ ಕೆಲಸ ಅದು.

ಇಷ್ಟೆಲ್ಲ ಪಾಡೇಕೆ, ಅಂಥದ್ದೇ ಹೊಸದೊಂದನ್ನು ಮಾಡಿ ನಿಲ್ಲಿಸಬಾರದೇ? ಮಾಡಬಹುದು. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಹಾಗೆ ಮಾಡಲೇಬೇಕಾಯಿತು. 1978ರ ಫೆಬ್ರವರಿಯಲ್ಲಿ ಅಲ್ಲಿನ ವಿಮಾನ ಸಂಗ್ರಹಾಲಯಕ್ಕೆ ಬೆಂಕಿ ಬಿದ್ದು ನಲವತ್ತಕ್ಕೂ ಹೆಚ್ಚು ವಿಮಾನಗಳು ಸುಟ್ಟುಹೋದವು. ಹಳೆಯ ಕಾಲದ ವಿಮಾನಗಳೆಂದರೆ ಮರದ ಚೌಕಟ್ಟು, ಅದರ ಮೇಲೆ ಬಟ್ಟೆ. ಬಟ್ಟೆ ಬಿಗಿಯಾಗಿ ನಿಲ್ಲಲು ‘ಡೋಪ್’ ಎಂಬ ಲೇಪ ಬಳಿಯುತ್ತಿದ್ದರು. ಅದರಲ್ಲಿ ಹೆಚ್ಚಾಗಿ ಇರುತ್ತಿದ್ದುದು ನೈಟ್ರೋಸೆಲ್ಯುಲೋಸ್, ಕಿಡಿ ತಾಗಿದರೆ ಭಗ್ಗೆನ್ನುವ ವಸ್ತು. ಆಮೇಲೆ ಸಂಗ್ರಹಾಲಯವನ್ನು ಮತ್ತೆ ಕಟ್ಟಿ, ಕೆಲವು ವಿಮಾನಗಳ ಪ್ರತಿರೂಪಗಳನ್ನು ಮಾಡಿಟ್ಟರು. ನೋಡಲು ಚೆನ್ನಾಗಿವೆ. ಆದರೆ ಮೂಲ ವಿಮಾನಕ್ಕೆ ಯಾವ ಮರ ಬಳಸಿದ್ದರು, ಅಂಟು ಎಂಥದ್ದು, ರೆಕ್ಕೆಯ ಬಟ್ಟೆಯನ್ನು ಎಂಥ ಹೊಲಿಗೆ ಹಾಕಿ ಹೊಲಿದಿದ್ದರು ಎಂದು ನಾಳೆ ಯಾರಾದರೂ ಕೇಳಿದರೆ ಪ್ರತಿರೂಪಕ್ಕೆ ಉತ್ತರ ಗೊತ್ತಿಲ್ಲ. ಡಾರ್ನಿಯರ್‌ಗೆ ಹೊಸ ಬಣ್ಣ ಬಳಿದು ಮಿರಮಿರ ಮಿಂಚಿಸದೆ, ಸಿಕ್ಕ ಹಾಗೆಯೇ ಉಳಿಸಲು ಹೊರಟಿದ್ದು ಇದೇ ಕಾರಣಕ್ಕೆ.

ವಿಮಾನ ಉಳಿಸಿದ ಒಂದು ದೊಡ್ಡ ಕೆಲಸ ನಮ್ಮ ಬೆಂಗಳೂರಿನಲ್ಲೂ ನಡೆದಿದೆ. ಎರಡನೇ ಮಹಾಯುದ್ಧ ಮುಗಿದಾಗ ಬ್ರಿಟಿಷರು ಹಲವಾರು ಲಿಬರೇಟರ್ ಬಾಂಬರ್‌ಗಳನ್ನು, ಯಾರೂ ಹಾರಿಸದಂತೆ ಕೆಡಿಸಿ, ಕಾನ್ಪುರದಲ್ಲಿ ಬಿಟ್ಟುಹೋಗಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಹಿಂದೂಸ್ಥಾನ್ ಏರ್‌ಕ್ರಾಫ್ಟ್ (ಎಚ್‌ಎಎಲ್) ಸಂಸ್ಥೆಯವರು ಅವನ್ನು ಹಾರುವ ಮಟ್ಟಿಗೆ ರಿಪೇರಿ ಮಾಡಿದರು. ಪೈಲಟ್ ಜಿಮ್ಮಿ ಮುನ್ಷಿ ಒಂದೊಂದನ್ನೇ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ದುರಸ್ತಿಯಾಗಿ ಅವು ಭಾರತೀಯ ವಾಯುಪಡೆಯಲ್ಲಿ 1968ರವರೆಗೆ ದುಡಿದವು. ಅಮೆರಿಕದಲ್ಲಿ 18,000ಕ್ಕೂ ಹೆಚ್ಚು ಲಿಬರೇಟರ್‌ಗಳು ತಯಾರಾಗಿದ್ದರೂ ಅಷ್ಟರಲ್ಲಿ ಬಹುತೇಕ ಎಲ್ಲವೂ ಗುಜರಿಯಾಗಿದ್ದವು. ಆಗ ಬ್ರಿಟನ್, ಕೆನಡಾ, ಅಮೆರಿಕದ ಸಂಗ್ರಹಾಲಯಗಳಿಗೆ ಲಿಬರೇಟರ್ ಸಿಕ್ಕಿದ್ದು ಭಾರತದಿಂದ! ಡಾರ್ನಿಯರ್ ಎತ್ತಿದ ಸಂಗ್ರಹಾಲಯದಲ್ಲೂ ಅಂಥದೊಂದಿದೆ.

ಬೆಂಗಳೂರಿನ ಎಚ್‌ಎಎಲ್ ಸಂಗ್ರಹಾಲಯಕ್ಕೆ ಹೋದಾಗ ಅಂಗಳದ ವಿಮಾನಗಳ ಹತ್ತಿರ ನಿಂತು ನೋಡಿ. ರಿವೆಟ್‌ಗಳ ಸುತ್ತ ಬಿಳಿ ಪುಡಿ ಇದೆಯೇ? ಬಿಸಿಲಿಗೆ ಟೈರಿನ ರಬ್ಬರ್ ಬಿರುಕು ಬಿಟ್ಟಿದೆಯೇ? ಆಮೇಲೆ ಬಗ್ಗಿ ಹೊಟ್ಟೆಯ ಕೆಳಗೆ ಹುಡುಕಿ, ಒಳಸೇರಿದ ನೀರು ಇಳಿದುಹೋಗಲು ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಹಕ್ಕಿಯ ಗೂಡಿನ ಕಸವೋ ದೂಳೋ ಅವನ್ನು ಮುಚ್ಚಿದರೆ ಮಳೆನೀರು ಒಳಗೇ ನಿಂತು, ಹೊರಗಿನವರಿಗೆ ಗೊತ್ತೇ ಆಗದಂತೆ ಲೋಹ ಸವೆಯುತ್ತದೆ. ಮುಂಗಾರಿಗೆ ಮೊದಲು ಈ ರಂಧ್ರಗಳನ್ನು ಹೇಗೆ ಶುಚಿ ಮಾಡುತ್ತೀರಿ ಎಂದು ಅಲ್ಲಿನ ಸಿಬ್ಬಂದಿಯನ್ನು ಕೇಳಿ.