ಎಪ್ಪತ್ತರ ಬುದ್ಧಿಗೆ ಅಳತೆ ಯಾವುದು?

ಐವತ್ತು ದಾಟಿತು, ಹೆಸರುಗಳು ಥಟ್ಟನೆ ಬಾಯಿಗೆ ಬರುವುದಿಲ್ಲ, ಬುದ್ಧಿ ಕುಂದುತ್ತಿದೆಯೇ ಎಂದು ನಿಮ್ಮಲ್ಲಿ ಅನೇಕರು ಬರೆಯುತ್ತಲೇ ಇದ್ದೀರಿ. ಈ ಭಯಕ್ಕೆ ಹಳೆಯ ಲೆಕ್ಕದ ತಪ್ಪೊಂದೂ ಕಾರಣ.

ಮೂವತ್ತರವರನ್ನೂ ಎಪ್ಪತ್ತರವರನ್ನೂ ಒಂದೇ ದಿನ ಕೂರಿಸಿ ಪರೀಕ್ಷೆ ಮಾಡಿದರೆ ಹಿರಿಯರ ಅಂಕ ಕಡಿಮೆ ಬರುತ್ತದೆ. ಅಷ್ಟಕ್ಕೇ ಬುದ್ಧಿ ಇಳಿಯಿತು ಎಂದುಬಿಡುತ್ತಿದ್ದರು. ಆ ಎಪ್ಪತ್ತರವರು ಎಷ್ಟು ಓದಿದ್ದರು? ಬಾಲ್ಯದಲ್ಲಿ ಏನು ಉಂಡಿದ್ದರು? ಮೂವತ್ತರಲ್ಲಿ ಅವರಿಗೇ ಎಷ್ಟು ಅಂಕ ಬರುತ್ತಿತ್ತು? ಯಾರೂ ಕೇಳಲಿಲ್ಲ.

ಅಮೆರಿಕದ ಸಿಯಾಟಲ್‌ನಲ್ಲಿ ಮನಶ್ಶಾಸ್ತ್ರಜ್ಞ ವಾರ್ನರ್ ಶೈ 1956ರಲ್ಲಿ ಪರೀಕ್ಷಿಸಿದ ಜನರನ್ನೇ ಏಳು ವರ್ಷಕ್ಕೊಮ್ಮೆ ಮತ್ತೆ ಕರೆಸಿದರು. ಆಗ ಚಿತ್ರವೇ ಬದಲಾಯಿತು. ವೇಗ ಬೇಗ ತಗ್ಗುತ್ತದೆ, ನಿಜ. ಆದರೆ ಪದಜ್ಞಾನ, ತರ್ಕದಂಥವು ಬಹುಪಾಲು ಜನರಲ್ಲಿ ಅರವತ್ತರ ತನಕ ಗಟ್ಟಿಯಾಗಿಯೇ ಇದ್ದವು. ದೇಹದ ಮಾತೂ ಹೀಗೆಯೇ. ಅದೇ ಜನರನ್ನು ಮತ್ತೆ ಮತ್ತೆ ಪರೀಕ್ಷಿಸುವ, 1958ರಲ್ಲಿ ಅಮೆರಿಕದಲ್ಲೇ ಶುರುವಾದ ಬಾಲ್ಟಿಮೋರ್ ಅಧ್ಯಯನದಲ್ಲಿ ಮೂತ್ರಪಿಂಡ ವಯಸ್ಸಿನೊಂದಿಗೆ ಸೋಲಲೇಬೇಕು ಎಂಬ ನಂಬಿಕೆಯೂ ಅಲುಗಾಡಿತು: ಸುಮಾರು ಮೂರನೇ ಒಂದು ಭಾಗ ಜನರಲ್ಲಿ ಇಳಿಕೆಯೇ ಕಾಣಲಿಲ್ಲ.

ಇನ್ನೊಮ್ಮೆ ಹೇಳುತ್ತೇನೆ. ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿದರೆ ಎರಡು ಕಾಲಗಳ ಅಂತರವೂ ವಯಸ್ಸಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ವಯಸ್ಸು ಏನು ಮಾಡುತ್ತದೆ ಎಂದು ತಿಳಿಯಬೇಕಾದರೆ ಒಬ್ಬರನ್ನೇ ಹಿಂಬಾಲಿಸಬೇಕು. ಅದರಲ್ಲೂ ತೊಡಕಿದೆ: ಕಾಯಿಲೆ ಬಿದ್ದವರು, ತೀರಿಕೊಂಡವರು ಮರಳಿ ಬರುವುದಿಲ್ಲ, ಉಳಿದವರ ಅಂಕ ಚೆನ್ನಾಗಿ ಕಾಣುತ್ತದೆ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ 45 ದಾಟಿದ 10,000 ಜನರನ್ನು ವರ್ಷಾನುಗಟ್ಟಲೆ ಗಮನಿಸಲು ಹೊರಟಿದೆ. ನಮಗೆ ಬೇಕಾದದ್ದು ಇದೇ. ಪರೀಕ್ಷೆಯೂ ನಮ್ಮವರಿಗೆ ಹೊಂದಬೇಕು: ಶಾಲೆಯ ಮುಖ ಕಾಣದ ಅಜ್ಜಿಗೆ ಮರೆವಿನ ಪರೀಕ್ಷೆಯೆಂದು ಪೆನ್ಸಿಲ್ ಕೊಟ್ಟು ಗಡಿಯಾರದ ಚಿತ್ರ ಬರೆಯಿರಿ ಎಂದರೆ ಕೈ ತಡವರಿಸುತ್ತದೆ. ಅದನ್ನು ಮರೆವು ಎನ್ನುವುದು ಅನ್ಯಾಯ.

"ವಯಸ್ಸಾಯ್ತಲ್ಲ, ಬಿಡಿ" ಎಂಬ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ನಮ್ಮ ದೊಡ್ಡಮ್ಮನಿಗೆ ಅರಳುಮರಳು ಎಂದೇ ಮನೆಯವರು ನಂಬಿದ್ದರು. ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ, ಅಷ್ಟೇ.

ಮರೆವಿನಂತೆ ಕಾಣುವುದಕ್ಕೆ ಇಂಥ ಬೇರೆ ಕಾರಣಗಳೂ ಇರಬಹುದು. ಬಿಪಿ, ಸಕ್ಕರೆ, ಥೈರಾಯ್ಡ್, ಬಿ12, ಕಿವಿ ತಪಾಸಣೆ ಮಾಡಿಸಿ. ದಿನನಿತ್ಯದ ಕೆಲಸಕ್ಕೆ ಮರೆವು ಅಡ್ಡಬಂದರೆ ವೈದ್ಯರ ಬಳಿ ಹೋಗಿ. ನಿಮ್ಮನ್ನು ವರ್ಷಗಳಿಂದ ಬಲ್ಲ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಹೋದ ವರ್ಷ ನೀವು ಹೇಗಿದ್ದಿರಿ ಎಂದು ವೈದ್ಯರಿಗೆ ಹೇಳಬಲ್ಲವರು ಅವರೇ.