ನೆರೆ ಇಳಿದ ಮೇಲೆ

2019ರ ಆಗಸ್ಟ್ ನೆನಪಿದೆಯಾ? ಬೆಳ್ತಂಗಡಿಯ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿಯಿತು, ಬಂಟ್ವಾಳದಲ್ಲಿ ನೇತ್ರಾವತಿ ಉಕ್ಕಿತು. ಇಂಥ ಹೊತ್ತಲ್ಲಿ ಕೆಲವರು 'ಬೈಬಲ್‌ನ ಹತ್ತು ಬಾಧೆಗಳ ಹಾಗೆ, ದೇವರ ಶಿಕ್ಷೆ' ಅಂತಾರೆ. ನಾನು ಒಪ್ಪಲ್ಲ. ಆ ಬಾಧೆಗಳು ಬಂದದ್ದು ಗುಲಾಮರನ್ನು ಬಿಡದ ಫರೋಹನ ಹಠಕ್ಕೆ. ನೆರೆಯಲ್ಲಿ ಮನೆ ಕಳ್ಕೊಂಡವರು ಫರೋಹರಲ್ಲ.

ಹಾಗಾದ್ರೆ ಫರೋಹ ಯಾರು? ವಿಮೋಚನಕಾಂಡದ 8ನೇ ಅಧ್ಯಾಯ ಓದಿ. ಕಪ್ಪೆಗಳ ಕಾಟದಲ್ಲಿ ಪ್ರಾರ್ಥನೆ ಕೇಳ್ತಾನೆ, ಜನರನ್ನು ಬಿಡ್ತೇನೆ ಅಂತಾನೆ. ಕಾಟ ತಪ್ಪಿದ ಕೂಡಲೇ ಮನಸ್ಸು ಕಲ್ಲು.

ಅಲ್ಲಿ ನನ್ನನ್ನೇ ಕಂಡೆ. ಆ ಆಗಸ್ಟಲ್ಲಿ ಮೂಡುಬಿದಿರೆಯ ಮನೆಯಲ್ಲಿ ಜಪಮಾಲೆ ಹಿಡಿದು, ಸಂತ್ರಸ್ತರಿಗೆ ಒಂದು ತಿಂಗಳ ಸಂಬಳ ಕೊಡ್ತೇನೆ ಅಂತ ದೇವರಿಗೆ ಮಾತು ಕೊಟ್ಟಿದ್ದೆ. ನೀರು ಇಳಿಯಿತು, ಮಾತೂ ಇಳಿಯಿತು.

ಮುಂದಿನ ಮಳೆಗೆ ಮೊದಲು ಅದನ್ನು ತೀರಿಸ್ಬೇಕು. ನಿಮ್ಮದೂ ಬಾಕಿ ಇದ್ಯಾ?